ಸಮುವೇಲನು ಒಪ್ಪಿಸಿದ ಲೆಕ್ಕ

ಓದುವ ಭಾಗ: 1 ಸಮುವೇಲ 12:1-5



ಸಮುವೇಲನ ತಲೆ ನರೆತಿದೆ. ಸೌಲನು ಅರಸನಾಗಿದ್ದಾನೆ. ಅಧಿಕಾರ ಬಿಟ್ಟುಕೊಡುವ ಈ ಹೊತ್ತಿನಲ್ಲಿ ಸಮುವೇಲನು ಸನ್ಮಾನ ಕೇಳಲಿಲ್ಲ, ಸಾಧನೆಗಳ ಪಟ್ಟಿ ಓದಲಿಲ್ಲ. ಯಾರದಾದರೂ ಎತ್ತನ್ನೋ ಕತ್ತೆಯನ್ನೋ ಕಿತ್ತುಕೊಂಡಿದ್ದರೆ, ಲಂಚ ಮುಟ್ಟಿದ್ದರೆ, ಎಲ್ಲರ ಮುಂದೆ ಹೇಳಿ, ಹಿಂದಕ್ಕೆ ಕೊಡ್ತೀನಿ ಅಂದ.

ಎತ್ತಿನ ಬೆಲೆಯನ್ನು ಚೌಳಹಿರಿಯೂರಿನ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಕಡೂರು, ಅಜ್ಜಂಪುರ ಅಂದರೆ ಅಮೃತಮಹಲ್ ದನಗಳ ಸೀಮೆ. ಬೆಂಗಳೂರಲ್ಲೇ ಬೆಳೆದವರಿಗೆ ಹೇಳ್ತೀನಿ: ಉಳುವ ಎತ್ತು ಹೋದರೆ ಆ ಮನೆಯ ಒಂದು ವರ್ಷದ ಅನ್ನವೇ ಹೋದಂತೆ.

ಇವತ್ತಿನ ಎತ್ತು ಯಾವುದು? 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೂ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಗಲುರಾತ್ರಿ ಓದಿ ಪ್ರಾಮಾಣಿಕವಾಗಿ ಬರೆದವರ ಆ ಎರಡು ವರ್ಷಗಳನ್ನು ಯಾರು ಹಿಂದಕ್ಕೆ ಕೊಡ್ತಾರೆ?

ಕಾನೂನು ಇದೆ. ಕರ್ನಾಟಕ ಲೋಕಾಯುಕ್ತ ಕಾಯ್ದೆಯ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದ ಆಸ್ತಿ ವಿವರ ಸಲ್ಲಿಸಬೇಕು. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆದು ಲೆಕ್ಕಪತ್ರ ಜನರ ಮುಂದೆ ಬರಬೇಕು. ಒಳ್ಳೆಯದೇ. ಆದರೆ ಸಮುವೇಲನಿಗೆ ಯಾರೂ ನೋಟಿಸ್ ಕೊಟ್ಟಿರಲಿಲ್ಲ. ಅವನೇ ಬಂದು ನಿಂತ. ದೇವರಿಗೆ ಭಯಪಡುವವನು ತಾನಾಗಿಯೇ ಲೆಕ್ಕ ತೆರೆದಿಡುತ್ತಾನೆ.

ಇನ್ನೊಂದು ಮಾತು ಗಮನಿಸಿ. ಅವನ ಮಕ್ಕಳು ಬೇರ್ಷೆಬದಲ್ಲಿ ಲಂಚ ತಿಂದರು (8:1-3). ಹಿರಿಯರು ಬಂದು ಆ ಮಕ್ಕಳ ವಿಷಯವನ್ನು ಸಮುವೇಲನ ಮುಖಕ್ಕೇ ಹೇಳಿದರು. ಪ್ರವಾದಿಯ ಮನೆ ಅಂತ ಸತ್ಯವೇದ ಮುಚ್ಚಿಡಲಿಲ್ಲ. ಹಾಗಾದರೆ "ನಮ್ಮ ಜನ, ನಮ್ಮ ವಿಶ್ವಾಸಿ" ಅಂತ ನಾವು ಮುಚ್ಚಿಡಬಹುದಾ? ಸಭೆಯ ಕಾಣಿಕೆಯ ಲೆಕ್ಕ ಯಾರಾದರೂ ಕೇಳಿದರೆ ನಾವು ಸೇವಕರು ಕೋಪ ಮಾಡಿಕೊಳ್ಳಬಹುದಾ?

ನಿಮ್ಮಲ್ಲಿ ಕೆಲವರು ಕೆಪಿಎಸ್‌ಸಿಗೆ ಓದ್ತಿದ್ದೀರಿ. ನಿಮಗಾಗಿ ಪ್ರಾರ್ಥಿಸ್ತೀವಿ. ಆದರೆ ದಲ್ಲಾಳಿಗೆ ದುಡ್ಡು ಕೊಟ್ಟು ಪಡೆದ ಹುದ್ದೆಯನ್ನು ಆಶೀರ್ವಾದ ಅಂತ ಇಲ್ಲಿ ಬಂದು ಸಾಕ್ಷಿ ಹೇಳಬೇಡಿ. ಹುದ್ದೆ ಕೊಂಡುಕೊಂಡವನು ಹಾಕಿದ ದುಡ್ಡನ್ನು ಬಡವನ ಹತ್ತಿರವೇ ವಸೂಲು ಮಾಡಲು ಹೊರಡ್ತಾನೆ.

ಈಗಾಗಲೇ ಕೈ ಕೊಳೆಯಾಗಿದೆಯಾ? ಸುಂಕದವರ ಮುಖ್ಯಸ್ಥ ಜಕ್ಕಾಯನನ್ನು ನೆನಪಿಸಿಕೊಳ್ಳಿ (ಲೂಕ 19:8). ಯೇಸು ಮನೆಗೆ ಬಂದ ದಿನ ಅವನು ಅಳುತ್ತಾ ಕೂರಲಿಲ್ಲ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ಮಾನಸಾಂತರ ಕಣ್ಣೀರಲ್ಲಿ ಶುರುವಾಗಬಹುದು, ಆದರೆ ಅದು ಜೇಬಿನವರೆಗೂ ಬರಬೇಕು.

ಪ್ರಾರ್ಥಿಸೋಣ: ಕರ್ತನೇ, ಅಧಿಕಾರ ಕೊಡುವ ಮುಂಚೆ ನಮಗೆ ಶುದ್ಧವಾದ ಕೈಗಳನ್ನು ಕೊಡು. ಅಧಿಕಾರ ಬಿಡುವ ದಿನ ನಿನ್ನ ಮುಂದೆಯೂ ಜನರ ಮುಂದೆಯೂ ಧೈರ್ಯವಾಗಿ ನಿಲ್ಲುವಂತೆ ಮಾಡು. ಯೇಸುವಿನ ನಾಮದಲ್ಲಿ, ಆಮೆನ್.