ಹೊಲದಿಂದ ಬಂದ ಮೇಲೆ ಮುಕ್ಕಾಲು ತಾಸಿನ ಊಟ

ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಕಡೆ ಭತ್ತ ಹಬ್ಬಿತು. ತಾಟಿಗೆ ಅನ್ನ ಬಂತು, ಜೋಳ ಹಿಂದೆ ಸರಿಯಿತು. ದಣಿದು ಬಂದವರಿಗೆ ರೊಟ್ಟಿ ಬಡಿಯುವ ತ್ರಾಣ ಎಲ್ಲಿರ್ತದೆ? ಅಂಥ ದಿನ ನಮ್ಮನೇಲಿ ಮಾಡೋದು ಜೋಳದ ನುಚ್ಚಿನ ಪಚಡಿ, ಕೆಂಡದ ಮೇಲೆ ಸುಟ್ಟ ಹಂದಿ ಮಾಂಸ. ಅಳತೆ ನಾಲ್ಕು ಮಂದಿಗೆ.

ನುಚ್ಚು: ಮುಂಜಾನೆ 2 ಲೋಟ ನುಚ್ಚು ನೆನೆಹಾಕಿ ಹೋಗಿ. ಸಂಜೆ ನೀರು ಬಸಿದು, 5 ಲೋಟ ಕುದಿಯುವ ನೀರಿಗೆ ಹಾಕಿ 20 ನಿಮಿಷ ಬೇಯಿಸಿ. ತಾಟಿನಲ್ಲಿ ಹರವಿ ಆರಿಸಿ. ಉಳ್ಳಾಗಡ್ಡಿ, ಸೌತೆಕಾಯಿ, ಕೊತ್ತಂಬರಿ, ಹುರಿದ ಶೇಂಗಾ ಪುಡಿ, ಉಪ್ಪು, ಲಿಂಬೆರಸ, 2 ಚಮಚ ಕುಸುಬಿ ಎಣ್ಣೆ ಬೆರೆಸಿ.

ಮಾಂಸ: ಅರ್ಧ ಕಿಲೋ ಎಲುಬಿಲ್ಲದ ಮಾಂಸ ತೆಳುವಾಗಿ ಕೊಯ್ದು ಉಪ್ಪು, ಖಾರಪುಡಿ, ಅರಿಶಿನ, ಬೆಳ್ಳುಳ್ಳಿ ಹಚ್ಚಿಡಿ. ನುಚ್ಚು ಬೆಂದಾಗ ಒಲೆಯ ಕೆಂಡ ಎಳೆದು, ಸಲಾಕೆಗೆ ಚುಚ್ಚಿ, ತಿರುವುತ್ತಾ 15 ನಿಮಿಷ ಸುಡಿ.

ಇಲ್ಲಿ ಅವಸರ ಬೇಡ. ಅರೆಬೆಂದ ಹಂದಿ ಮಾಂಸದಿಂದ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯಬಹುದು. ಅದರ ಮೊಟ್ಟೆ ಮಲದಿಂದ ಕೈಗೆ, ನೀರಿಗೆ, ಕಾಯಿಪಲ್ಲೆಗೆ ತಗಲಿ ಬಾಯಿ ಸೇರಿದರೆ ಮರಿಗಳು ಮಿದುಳಿಗೂ ಹೋಗಿ ಫಿಟ್ಸ್ ತರುತ್ತವೆ. ಹಸಿ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ತರಲೇಬೇಡಿ. ಸುಟ್ಟ ಮೇಲೆ ದಪ್ಪ ತುಂಡೊಂದನ್ನು ಕೊಯ್ದು ನೋಡಿ. ಒಳಗೆ ಕೆಂಪು ಇರಬಾರದು. ಮಾಂಸ ಕೊಯ್ದ ಈಳಿಗೆ ತೊಳೆಯದೆ ಸೌತೆಕಾಯಿ ಹೆಚ್ಚಬೇಡಿ.

ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಮಾಂಸದಿಂದ ತುಂಬುತ್ತದೆ. ಮಾಂಸ ತಿನ್ನದವರು ಮೊಳಕೆ ಹೆಸರುಕಾಳು ಬೇಯಿಸಿ ಬೆರೆಸಿದರೂ ಅದೇ ಲಾಭ. ಬೆಳೆದ ಜೋಳ ಪೂರಾ ಮಾರಬೇಡಿ. ಒಂದು ಚೀಲ ಮನೆಗಿರಲಿ.