ಹೆಸರು ಮುಚ್ಚಿ ಅರ್ಜಿ ಓದಿ

ಕೆಲಸಕ್ಕೆ ಜನರನ್ನು ಆರಿಸುವ ಜಾಗದಲ್ಲಿ ನೀವಿದ್ದರೆ, ಮೊದಲ ಸುತ್ತಿನಲ್ಲಿ ಅರ್ಜಿಯ ಮೇಲಿನ ಹೆಸರು, ಫೋಟೊ ಮುಚ್ಚಿಸಿ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ನಮ್ಮ ದೇಶದ ಖಾಸಗಿ ಕಂಪನಿಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಲಾಗಿತ್ತು. ಮೇಲ್ಜಾತಿಯ ಹೆಸರುಗಳಿಗೆ ಹೋಲಿಸಿದರೆ ದಲಿತ, ಮುಸ್ಲಿಂ ಹೆಸರುಗಳಿಗೆ ಕರೆ ಬಂದದ್ದು ಕಡಿಮೆ. ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ, ಅವಸರದಲ್ಲಿ ಕಣ್ಣು ಪರಿಚಿತವಾದದ್ದನ್ನೇ ಹುಡುಕುತ್ತದೆ. ಸಂದರ್ಶನದಲ್ಲಿ ಮುಖ ಕಾಣಲೇಬೇಕಲ್ಲ, ಮುಚ್ಚಿ ಏನು ಬಂತು ಎನ್ನುವವರಿದ್ದಾರೆ. ಮಾತು ನಿಜ. ಅದಕ್ಕೇ ಅಲ್ಲಿ ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಕೇಳಿ. ಚರ್ಚೆಗೆ ಮೊದಲೇ ಪ್ರತಿಯೊಬ್ಬ ಸಂದರ್ಶಕರೂ ಅಂಕ ಬರೆದಿಡಲಿ. ಇಲ್ಲದಿದ್ದರೆ ಹಿರಿಯರು ಆಡಿದ ಮೊದಲ ಮಾತೇ ತೀರ್ಪಾಗಿಬಿಡುತ್ತದೆ. ಹಾಗಾದರೆ ಅನುಭವಿಗಳ ಅಂದಾಜಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಆದರೆ ಅದರ ಕಾರಣವನ್ನು ಒಂದು ಸಾಲಿನಲ್ಲಿ ಬರೆದುಕೊಡಲು ಕೇಳಿ. “ನಮ್ಮಲ್ಲಿ ಹೊಂದಿಕೊಳ್ಳಲಾರರು” ಎಂದಷ್ಟೇ ಬರೆದಿದ್ದರೆ, ಆ ಅರ್ಜಿಯನ್ನು ಮತ್ತೊಮ್ಮೆ ತೆರೆಯಿರಿ.