ಕಟ್ಟೋರು ಒಬ್ಬರು, ನಡೆಸೋರು ಇನ್ನೊಬ್ಬರು: ಸಿಎಂಎಸ್ ಆರಿಸುವ ಪಾಠ

ಪ್ರತಿ ವರ್ಷ ಹೊಸ ವೆಬ್ ತಂಡದ ಮೊದಲ ಮೀಟಿಂಗ್‌ನಲ್ಲಿ ಒಂದು ಮಾತು ಬಂದೇ ಬರುತ್ತೆ: "ಈ ಹಳೇ ಸೈಟ್ ಬೇಡ ಗುರು, ಹೊಸದಾಗಿ ಮಾಡೋಣ." ಆಮೇಲೆ ಒಂದು ಗಂಟೆ ವರ್ಡ್‌ಪ್ರೆಸ್ಸೋ ಹ್ಯೂಗೋನೋ ಅಂತ ಜಗಳ. ಲೇಖನ ಯಾರು ಹಾಕ್ತಾರೆ, ನಾವೆಲ್ಲ ಪಾಸಾಗಿ ಹೋದ ಮೇಲೆ ಇದನ್ನ ಯಾರು ನೋಡ್ಕೋತಾರೆ ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ನಾಲ್ಕು ವರ್ಷದಲ್ಲಿ ನಮ್ಮ ಪತ್ರಿಕೆ ಎರಡು ಸಲ ಸಿಎಂಎಸ್ ಬದಲಿಸಿದೆ, ಎರಡೂ ಸಲ ಪೆಟ್ಟು ತಿಂದ ಮೇಲೆ. ಈ ವರ್ಷ ತಂಡ ಸೇರಿರೋ ಜೂನಿಯರ್‌ಗಳು ಮೂರನೇ ಸಲ ಬದಲಿಸೋ ಮುಂಚೆ ಓದಿಕೊಳ್ಳಲಿ ಅಂತ ಇದನ್ನ ಬರೀತಿದ್ದೀನಿ.

ಸಿಎಂಎಸ್ ಅಂದ್ರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಬರಹವನ್ನೂ ಅದರ ಉಡುಪನ್ನೂ ಬೇರೆ ಬೇರೆ ಇಡುವ ವ್ಯವಸ್ಥೆ. ಲೇಖಕರು ಬರಹ, ಚಿತ್ರ ಕೊಡ್ತಾರೆ; ಅದು ಯಾವ ಅಕ್ಷರದಲ್ಲಿ, ಪುಟದ ಯಾವ ಜಾಗದಲ್ಲಿ ಕಾಣಬೇಕು ಅನ್ನೋದನ್ನ ಥೀಮ್ ನೋಡಿಕೊಳ್ಳುತ್ತೆ. ಯಾರು ಬರೆಯಬಹುದು, ಯಾರು ಪ್ರಕಟಿಸಬಹುದು, ನಿನ್ನೆ ಏನಿತ್ತು, ಇವತ್ತು ಏನು ಬದಲಾಯ್ತು ಅನ್ನುವ ಲೆಕ್ಕವೂ ಅದರದ್ದೇ.

ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಬರಹವನ್ನೆಲ್ಲ ಡೇಟಾಬೇಸ್‌ನಲ್ಲಿಟ್ಟು, ಯಾರಾದರೂ ಪುಟ ಕೇಳಿದಾಗ ಜೋಡಿಸಿ ಕೊಡೋದು: ವರ್ಡ್‌ಪ್ರೆಸ್, ಡ್ರೂಪಾಲ್, ಜೂಮ್ಲಾ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಹುಟ್ಟಿದ್ದೇ ಬಿ2 ಅನ್ನೋ ತಂತ್ರಾಂಶದ ಕೆಲಸ ನಿಂತುಹೋಗಿ, ಅದನ್ನ ಬಳಸುತ್ತಿದ್ದವರು ತಾವೇ ಮುಂದುವರಿಸಿದ್ದರಿಂದ. ಡ್ರೂಪಾಲ್ ಕಥೆ ನಮ್ಮಂಥವರಿಗೆ ಇನ್ನೂ ಹತ್ತಿರ. ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡ್ರೀಸ್ ಬೈಟಾರ್ಟ್ 2000ದಲ್ಲಿ ಗೆಳೆಯನ ಜೊತೆ ಸೇರಿ ಹಾಸ್ಟೆಲ್‌ಗಳ ನಡುವೆ ವೈರ್‌ಲೆಸ್ ಸೇತುವೆ ಕಟ್ಟಿ, ಒಂದೇ ಇಂಟರ್ನೆಟ್ ಕನೆಕ್ಷನ್ನನ್ನ ಎಂಟು ಜನ ಹಂಚಿಕೊಂಡಿದ್ದರು. ಅವರವರಲ್ಲೇ ಸುದ್ದಿ ಹೇಳಿಕೊಳ್ಳೋಕೆ ಮಾಡಿಕೊಂಡ ಪುಟ್ಟ ಸೈಟೇ ಬೆಳೆದು 2001ರಲ್ಲಿ ಡ್ರೂಪಾಲ್ ಆಯ್ತು. ಹಾಸ್ಟೆಲ್ ವೈಫೈ ಬಗ್ಗೆ ಬೈಕೋತಾ ಕೂರೋರು ಗಮನಿಸಬೇಕು!

ಎರಡನೆಯದು ಸ್ಟ್ಯಾಟಿಕ್ ಸೈಟ್ ಜನರೇಟರ್: ಜೆಕಿಲ್ (2008), ಹ್ಯೂಗೋ (2013). ಇಲ್ಲಿ ಡೇಟಾಬೇಸ್ ಇಲ್ಲ. ಬರಹ ಮಾರ್ಕ್‌ಡೌನ್ ಫೈಲ್‌ಗಳಲ್ಲಿರುತ್ತೆ, ಒಂದು ಕಮಾಂಡ್ ಕೊಟ್ಟರೆ ಅಷ್ಟೂ ಎಚ್‌ಟಿಎಂಎಲ್ ಪುಟಗಳಾಗಿ ಬೀಳುತ್ತೆ. ಸರ್ವರ್‌ನಲ್ಲಿ ಓಡೋದು ಏನೂ ಇಲ್ಲದ ಕಾರಣ ಮುರಿದು ಒಳಗೆ ನುಗ್ಗೋಕೆ ಬಾಗಿಲೂ ಕಡಿಮೆ. ಮೂರನೆಯದು ವಿಕಿ. ಕನ್ನಡ ವಿಕಿಪೀಡಿಯ ನಡೆಯೋದು ಮೀಡಿಯಾವಿಕಿ ಮೇಲೆ. ಚಿಕ್ಕ ತಂಡಕ್ಕೆ ಡೋಕುವಿಕಿ ಸಾಕು, ಅದು ಎಲ್ಲವನ್ನೂ ಸಾದಾ ಟೆಕ್ಸ್ಟ್ ಫೈಲ್‌ನಲ್ಲೇ ಇಡುತ್ತೆ. ಹೆಡ್‌ಲೆಸ್ ಅನ್ನೋ ಇನ್ನೊಂದು ಬಗೆಯೂ ಇದೆ. ಬರಹ ಒಂದು ಕಡೆ, ತೋರಿಸುವ ಸೈಟ್ ಇನ್ನೊಂದು ಕಡೆ. ನೋಡಿಕೊಳ್ಳೋಕೆ ಒಂದರ ಬದಲು ಎರಡು ಆಗುತ್ತೆ, ಕಾಲೇಜು ಸಂಘಕ್ಕೆ ಬೇಡ.

ಈಗ ಪೆಟ್ಟು ತಿಂದ ಕಥೆ. ನಾನು ಸೇರಿದಾಗ ಪತ್ರಿಕೆ ವರ್ಡ್‌ಪ್ರೆಸ್‌ನಲ್ಲಿತ್ತು. ಅದನ್ನ ಕಟ್ಟಿದ ಅಣ್ಣ ಪಾಸಾಗಿ ಕೆಲಸಕ್ಕೆ ಹೋಗಿದ್ರು. ಡೊಮೇನ್, ಹೋಸ್ಟಿಂಗ್ ಎರಡೂ ಅವರ ಸ್ವಂತ ಇಮೇಲ್ ಮೇಲೆ, ಅವರದೇ ಕಾರ್ಡ್ ಮೇಲೆ ಇದ್ದವು. ಕಾರ್ಡ್ ಬದಲಾಯ್ತು, ಎಚ್ಚರಿಕೆಯ ಮೇಲ್‌ಗಳು ಅವರು ನೋಡದ ಹಳೇ ಇನ್‌ಬಾಕ್ಸ್‌ಗೆ ಹೋದವು. ಒಂದು ದಿನ ಸೈಟ್ ಇಲ್ಲ. ನಮಗೆ ಗೊತ್ತಾಗೋ ಹೊತ್ತಿಗೆ ಹೋಸ್ಟಿಂಗ್‌ನವರು ಫೈಲ್‌ಗಳನ್ನ ಅಳಿಸಿಯಾಗಿತ್ತು. ಬ್ಯಾಕಪ್ ಇತ್ತು, ಅದೇ ಸರ್ವರ್‌ನಲ್ಲಿ! ಅಣ್ಣನ ತಪ್ಪು ಅಂತ ಹೇಳಲ್ಲ. ಕೈಯಿಂದ ದುಡ್ಡು ಹಾಕಿ ಎರಡು ವರ್ಷ ನಡೆಸಿದ್ದು ಅವರೇ. ಕೇಳಿ ಇಸಕೊಳ್ಳದೇ ಇದ್ದಿದ್ದು ನಾವು.

ಹೋದ ಲೇಖನಗಳಲ್ಲಿ ಬಹಳಷ್ಟು ಲೇಖಕರ ಹತ್ತಿರವೇ ಸಿಕ್ಕವು. ಒಂದು ಸಿಗಲಿಲ್ಲ. ಹಾಸ್ಟೆಲ್ ಮೆಸ್‌ನಲ್ಲಿ ದಶಕಗಟ್ಟಲೆ ಅಡುಗೆ ಮಾಡಿ ನಿವೃತ್ತರಾದ ಭಟ್ಟರ ಸಂದರ್ಶನ. ಮುಂದಿನ ವರ್ಷ ಅವರು ತೀರಿಕೊಂಡ ಮೇಲೆ ಅವರ ಮಗಳು ಫೋನ್ ಮಾಡಿ ಅದನ್ನ ಕೇಳಿದರು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದೆವು. ಸಂಚಿಕೆಯ ಪರಿವಿಡಿ ಇತ್ತು, ತಲೆಬರಹ ಇತ್ತು, ಒತ್ತಿದರೆ ಒಳಗೆ ಪುಟ ಇರಲಿಲ್ಲ.

ಇದಾದ ಮೇಲೆ ನಾವು ಬುದ್ಧಿವಂತರಾದೆವು ಅಂದುಕೊಂಡು ಹ್ಯೂಗೋಗೆ ಹೋದೆವು. ಎಲ್ಲ ಗಿಟ್‌ನಲ್ಲಿ, ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಲ್ಲೂ ಪೂರ್ತಿ ಪ್ರತಿ, ಹೋಸ್ಟಿಂಗ್ ಖರ್ಚಿಲ್ಲ. ತಂತ್ರಜ್ಞಾನದ ಲೆಕ್ಕದಲ್ಲಿ ಇವತ್ತಿಗೂ ನನಗೆ ಅದೇ ಇಷ್ಟ. ಆದರೆ ನಮ್ಮ ಲೇಖಕರು ಸಿವಿಲ್‌ನವರು, ಮೆಕ್ಯಾನಿಕಲ್‌ನವರು, ಇಬ್ಬರು ಕನ್ನಡ ಮೇಷ್ಟ್ರು. ಅವರು ವಾಟ್ಸಾಪ್‌ನಲ್ಲಿ ಕಳಿಸೋರು, ನಾವಿಬ್ಬರು ಕೂತು ಮಾರ್ಕ್‌ಡೌನ್ ಮಾಡಿ ಏರಿಸೋದು. ಒಂದು ಕಾಗುಣಿತ ತಪ್ಪು ತಿದ್ದಬೇಕಾದರೂ ಮೇಷ್ಟ್ರು ನಮ್ಮನ್ನ ಹುಡುಕಿಕೊಂಡು ಬರಬೇಕು. ನವೆಂಬರ್‌ನಲ್ಲಿ ನಮ್ಮಿಬ್ಬರಿಗೂ ಪ್ಲೇಸ್‌ಮೆಂಟ್ ಸಂದರ್ಶನಗಳು. ರಾಜ್ಯೋತ್ಸವ ಸಂಚಿಕೆ ಡಿಸೆಂಬರ್‌ನಲ್ಲಿ ಹೊರಬಂತು. ಅದರ ಮುಂದಿನ ಸಂಚಿಕೆಗೆ ಬರಹಗಳೇ ಕಡಿಮೆ. ಯಾರೂ ಜಗಳ ಆಡಲಿಲ್ಲ, ಸುಮ್ಮನೆ ಕಳಿಸೋದು ನಿಲ್ಲಿಸಿದರು.

ಹಾಗಾಗಿ ಮೊದಲು ನೋಡಬೇಕಾದ್ದು ಯಾರು ಬರೀತಾರೆ ಅನ್ನೋದು. ರೋಬೋಟಿಕ್ಸ್ ತಂಡದ ವೈರಿಂಗ್ ಟಿಪ್ಪಣಿ, ಕೋಡ್ ಜೊತೆಗೇ ಬದಲಾಗೋ ಸೂಚನೆಗಳಿಗೆ ಗಿಟ್ ಮತ್ತು ಮಾರ್ಕ್‌ಡೌನ್‌ಗಿಂತ ಒಳ್ಳೇದು ಇಲ್ಲ, ಯಾಕಂದ್ರೆ ಅಲ್ಲಿ ಬರೆಯೋರೂ ಕಟ್ಟೋರೂ ಒಬ್ಬರೇ. ಪತ್ರಿಕೆಯಲ್ಲಿ ಹಾಗಲ್ಲ. ಎಂಜಿನಿಯರ್ ತಂಡ ತನಗೆ ಕಟ್ಟೋಕೆ ಖುಷಿ ಕೊಡೋದನ್ನ ಆರಿಸಿ, ಅದನ್ನೇ "ಬೆಸ್ಟ್" ಅಂತ ಕರೆಯೋದು ನಮ್ಮ ಹಳೇ ಚಾಳಿ.

ಎರಡನೆಯ ಮಾತು ರಿಪೇರಿಯದು. 2014ರ ಅಕ್ಟೋಬರ್ 15ರಂದು ಡ್ರೂಪಾಲ್ 7ರಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷ ಪ್ರಕಟವಾಯ್ತು. ತಮಾಷೆ ಅಂದ್ರೆ ದೋಷ ಇದ್ದದ್ದು ಅಂಥ ದಾಳಿಯನ್ನ ತಡೆಯೋಕೆ ಅಂತಲೇ ಬರೆದ ಕೋಡ್‌ನಲ್ಲಿ. ಎರಡು ವಾರದ ನಂತರ ಡ್ರೂಪಾಲ್ ಭದ್ರತಾ ತಂಡವೇ ಹೇಳಿತು: ಪ್ರಕಟಣೆಯಾದ 7 ಗಂಟೆಯೊಳಗೆ ಪ್ಯಾಚ್ ಹಾಕದ ಸೈಟ್‌ಗಳೆಲ್ಲ ಕೈತಪ್ಪಿವೆ ಅಂತಲೇ ತಿಳಿಯಿರಿ. ಆ 7 ಗಂಟೆ ನಮ್ಮ ಗಡಿಯಾರದಲ್ಲಿ ರಾತ್ರಿ 9:30ರಿಂದ ಬೆಳಗಿನ ಜಾವ 4:30. ಇಂಟರ್ನಲ್ಸ್ ಹಿಂದಿನ ರಾತ್ರಿ ನಿಮ್ಮಲ್ಲಿ ಯಾರು ಎದ್ದಿರ್ತೀರಿ, ಹೇಳಿ? ವರ್ಡ್‌ಪ್ರೆಸ್ 2013ರ 3.7ನೇ ಆವೃತ್ತಿಯಿಂದ ಚಿಕ್ಕ ಭದ್ರತಾ ಅಪ್‌ಡೇಟ್‌ಗಳನ್ನ ತಾನೇ ಹಾಕಿಕೊಳ್ಳುತ್ತೆ. ನನಗೆ ಇದೊಂದು ದೊಡ್ಡ ಕಾರಣ. ಆದರೆ ಪ್ಲಗಿನ್‌ಗಳನ್ನ ನಲವತ್ತು ತುಂಬಿಸಿದರೆ ಈ ಲಾಭ ಹೋಯ್ತು; ಬರೆದವರು ಕೈಬಿಟ್ಟ ಪ್ಲಗಿನ್‌ಗೆ ಅಪ್‌ಡೇಟ್ ಎಲ್ಲಿಂದ ಬರಬೇಕು?

ಇನ್ನು ಕನ್ನಡ. ಯೂಟ್ಯೂಬ್‌ನ ಹೋಲಿಕೆ ವಿಡಿಯೊಗಳಲ್ಲಿ ಇದು ಸಿಗಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಯೂನಿಕೋಡ್‌ನಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ವೆಬ್ ವಿಳಾಸದಲ್ಲಿ ಒಂದು ಬೈಟ್ ಶೇಕಡಾ ಚಿಹ್ನೆ ಸೇರಿ 3 ಅಕ್ಷರ ಆಗುತ್ತೆ. ಅಂದ್ರೆ 'ಕ' ಒಂದಕ್ಕೇ 9 ಜಾಗ. ವರ್ಡ್‌ಪ್ರೆಸ್ ತಲೆಬರಹದಿಂದ ಮಾಡುವ ವಿಳಾಸಕ್ಕೆ 200 ಜಾಗದ ಮಿತಿ ಇದೆ. ಭಾಗಿಸಿ ನೋಡಿ, 22 ಚಿಹ್ನೆಗೆ ಮುಗೀತು. "ಮಲೆನಾಡಿನ ಮಳೆಗಾಲದ ನೆನಪುಗಳು" ಅಂತ ಹೆಸರಿಟ್ಟರೆ, ಗುಣಿತ ಚಿಹ್ನೆಗಳನ್ನೂ ಸೇರಿಸಿ 23. ವಿಳಾಸದಲ್ಲಿ ಕೊನೆಯ ಉಕಾರ ಬಿದ್ದುಹೋಗಿ "ನೆನಪುಗಳ" ಅಂತ ನಿಲ್ಲುತ್ತೆ. ಇನ್ನೂ ಉದ್ದದ ತಲೆಬರಹ ಆದರೆ ಪದದ ಮಧ್ಯಕ್ಕೇ ಕತ್ತರಿ. ಮೇಲಾಗಿ ಅದನ್ನ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಗೂಡ್ಸ್ ರೈಲು. ಪ್ರಕಟಿಸುವ ಮುಂಚೆ ವಿಳಾಸವನ್ನ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನಾವೇ ಬರೆಯೋದು ಒಳ್ಳೇದು. ಯಾವ ಸಿಎಂಎಸ್ ತಗೊಂಡರೂ ಇದನ್ನ ಕೈಯಾರೆ ಬದಲಿಸೋಕೆ ಬಿಡುತ್ತಾ ಅಂತ ನೋಡಿ.

ಡೇಟಾಬೇಸ್‌ನಲ್ಲೂ ಒಂದು ಗುಂಡಿ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ 'ಯುಟಿಎಫ್8' ಅಂತ ಹೆಸರಿದ್ದ ಹಳೇ ವ್ಯವಸ್ಥೆ 3 ಬೈಟ್‌ವರೆಗೆ ಮಾತ್ರ ಹಿಡಿಸುತ್ತೆ. ಕನ್ನಡ ಹಿಡಿಸುತ್ತೆ, ಇಮೋಜಿ 4 ಬೈಟ್, ಹಿಡಿಸಲ್ಲ. ಕಟ್ಟುನಿಟ್ಟಿನ ಮೋಡ್ ಇಲ್ಲದ ಕಡೆ ಇಮೋಜಿ ಬಂದಲ್ಲಿಂದ ಮುಂದಿನ ಬರಹವನ್ನೇ ಕತ್ತರಿಸಿಬಿಡುತ್ತೆ. ಟೇಬಲ್‌ಗಳು 'ಯುಟಿಎಫ್8ಎಂಬಿ4'ನಲ್ಲಿ ಇರಬೇಕು. ಲ್ಯಾಟಿನ್1ರಲ್ಲಿದ್ದರಂತೂ ಅಷ್ಟೂ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು.

ಹುಡುಕಾಟ ಇನ್ನೂ ಕಷ್ಟ. 'ಮನೆ' ಅಂತ ಹುಡುಕಿದರೆ ವರ್ಡ್‌ಪ್ರೆಸ್ 'ಮನೆಯಲ್ಲಿ'ಯನ್ನೂ ತೋರಿಸುತ್ತೆ, ಯಾಕಂದ್ರೆ ಅದು ಪದದ ತುಣುಕು ಹೊಂದಿದರೂ ಸಾಕು ಅನ್ನುತ್ತೆ. 'ಊರು' ಅಂತ ಹುಡುಕಿದರೆ 'ಊರಿನಲ್ಲಿ' ಸಿಗಲ್ಲ, ಅಲ್ಲಿ ಉಕಾರ ಹೋಗಿ ಇಕಾರ ಬಂದಿದೆ. 'ಸಾಫ್ಟ್‌ವೇರ್' ಪದದಲ್ಲಿ ಒಬ್ಬರು ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ ಹಾಕಿ ಬರೀತಾರೆ, ಇನ್ನೊಬ್ಬರು ಹಾಕದೆ 'ಸಾಫ್ಟ್ವೇರ್' ಅಂತಾರೆ. ನಮಗೆ ಎರಡೂ ಒಂದೇ ಪದ, ಕಂಪ್ಯೂಟರ್‌ಗೆ ಬೇರೆ ಬೇರೆ. ಇದಕ್ಕೆ ಪೂರ್ತಿ ಪರಿಹಾರ ಯಾವ ಸಿಎಂಎಸ್ ಕೂಡ ಕೊಡಲ್ಲ. ಟ್ಯಾಗ್‌ಗಳನ್ನ ಒಂದೇ ಕಾಗುಣಿತದಲ್ಲಿ ಇಟ್ಟುಕೊಂಡರೆ ಅರ್ಧ ಕಷ್ಟ ಕಡಿಮೆ. ಥೀಮ್ ನೋಡುವಾಗ 'ರಾಷ್ಟ್ರೀಯ' ಅಂತ ಎರಡು ಸಾಲಿನ ತಲೆಬರಹದಲ್ಲಿ ಟೈಪ್ ಮಾಡಿ. ಸಾಲುಗಳ ನಡುವೆ ಜಾಗ ಬಿಡದ ಥೀಮ್ ಆದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತೆ.

ಕೊನೆಯದು, ಬಿಟ್ಟು ಹೋಗೋ ದಾರಿ. ಡ್ರೂಪಾಲ್ 7 ಬಂದದ್ದು 2011ರಲ್ಲಿ. 2015ರಲ್ಲಿ 8 ಬಂದಾಗ ಒಳಗಿನ ಕಟ್ಟಡವೇ ಬೇರೆ. ಥೀಮ್ ಮತ್ತೆ ಬರೆದು, ಬರಹವನ್ನ ಹೊಸ ಸೈಟ್‌ಗೆ ಸಾಗಿಸಬೇಕಿತ್ತು. ಅದು ಎಷ್ಟು ಭಾರ ಆಯ್ತು ಅಂದ್ರೆ 7ರ ಬೆಂಬಲದ ಗಡುವನ್ನ ಮುಂದೂಡಿ ಮುಂದೂಡಿ ಕಡೆಗೆ 2025ರ ಜನವರಿ 5ಕ್ಕೆ ನಿಲ್ಲಿಸಿದರು. ಒಳ್ಳೇ ತಂತ್ರಾಂಶಕ್ಕೇ ಹೀಗಾದರೆ, ನಿಮ್ಮ ರೂಮ್‌ಮೇಟ್ ಒಂದು ವಾರದಲ್ಲಿ ಬರೆದ ಸ್ವಂತ ಸಿಎಂಎಸ್‌ನ ಗತಿ ಊಹಿಸಿ.

ಆರಿಸೋ ಮುಂಚೆ ಒಂದು ಸಂಜೆ ಹೀಗೆ ಮಾಡಿ ನೋಡಿ. ಕೋಡ್ ಬರೆಯದ ಒಬ್ಬ ಲೇಖಕಿಯನ್ನ ಕರೆಯಿರಿ. ಅವರದೇ ಲೇಖನ, ಅವರದೇ ಫೋಟೊ. ಮೌಸ್ ಅವರ ಕೈಲಿ, ನೀವು ಕೈಕಟ್ಟಿ ಕೂರಬೇಕು. ಎಷ್ಟು ಸಲ ನಿಮ್ಮ ಮುಖ ನೋಡ್ತಾರೆ ಎಣಿಸಿ. ಆಮೇಲೆ ಅವರ ಫೋನ್‌ನಿಂದಲೇ ಒಂದು ತಪ್ಪು ತಿದ್ದಿಸಿ. ಅದಾದ ಮೇಲೆ ಬರಹವನ್ನೆಲ್ಲ ಹೊರಗೆ ತೆಗೆದು, ಬೇರೆ ಕಂಪ್ಯೂಟರ್‌ನಲ್ಲಿ ಖಾಲಿ ಸಿಎಂಎಸ್ ಹಾಕಿ ಅದಕ್ಕೆ ತುಂಬಿಸಿ. ಇಲ್ಲೇ ನಮಗೊಂದು ವಿಷಯ ಗೊತ್ತಾಗಿದ್ದು: ವರ್ಡ್‌ಪ್ರೆಸ್ ಕೊಡುವ ಎಕ್ಸ್ಎಂಎಲ್ ಫೈಲ್‌ನಲ್ಲಿ ಬರಹ ಇರುತ್ತೆ, ಚಿತ್ರಗಳು ಇರಲ್ಲ, ಅವುಗಳ ವಿಳಾಸ ಮಾತ್ರ. ಹಳೇ ಸರ್ವರ್ ಸತ್ತರೆ ಚಿತ್ರಗಳೂ ಹೋದವು. ಅಪ್‌ಲೋಡ್ಸ್ ಫೋಲ್ಡರ್ ಬೇರೆಯಾಗಿ ಇಳಿಸಿಕೊಳ್ಳಬೇಕು.

ಈಗ ನಾವು ಮತ್ತೆ ವರ್ಡ್‌ಪ್ರೆಸ್‌ನಲ್ಲಿದ್ದೀವಿ. ಅದರ ಜೊತೆಗೇ ಬರುವ ಥೀಮ್, ಬೆರಳೆಣಿಕೆಯ ಪ್ಲಗಿನ್. ನೋಡೋಕೆ ಹ್ಯೂಗೋ ಸೈಟಿನಷ್ಟು ಚೆಂದ ಇಲ್ಲ, ಅಷ್ಟು ಬೇಗ ತೆರೆಯೋದೂ ಇಲ್ಲ. ಆದರೆ ಹೋದ ತಿಂಗಳು ಮೇಷ್ಟ್ರು ರಾತ್ರಿ ಹನ್ನೊಂದಕ್ಕೆ ತಮ್ಮ ಲೇಖನದ ತಪ್ಪು ತಾವೇ ತಿದ್ದಿದ್ದಾರೆ, ನನಗೆ ಬೆಳಿಗ್ಗೆ ಗೊತ್ತಾಯ್ತು. ಡೊಮೇನ್ ಸಂಘದ ಇಮೇಲ್‌ನಲ್ಲಿದೆ, ಪಾಸ್‌ವರ್ಡ್ ಇಬ್ಬರು ವಿದ್ಯಾರ್ಥಿಗಳು ಮತ್ತು ಒಬ್ಬ ಮೇಷ್ಟ್ರ ಹತ್ತಿರ. ಪ್ರತಿ ಸಂಚಿಕೆ ಆದ ಮೇಲೆ ಬರಹ, ಚಿತ್ರ ಎರಡನ್ನೂ ಇಳಿಸಿ ಸಂಘದ ಕೋಣೆಯ ಹಾರ್ಡ್ ಡಿಸ್ಕ್‌ಗೆ ಹಾಕ್ತೀವಿ.

ಹಳೇ ಬ್ಯಾಚಿನವರು ಯಾರಾದರೂ ಇದನ್ನ ಓದ್ತಿದ್ದರೆ ಒಂದು ಕೋರಿಕೆ. ಭಟ್ಟರ ಸಂದರ್ಶನದ ಕರಡೋ, ಅವತ್ತು ಫೋನ್‌ನಲ್ಲಿ ಮಾಡಿದ ರೆಕಾರ್ಡಿಂಗೋ, ಒಂದು ಸ್ಕ್ರೀನ್‌ಶಾಟೋ ನಿಮ್ಮ ಹಳೇ ಫೋನ್, ಲ್ಯಾಪ್‌ಟಾಪ್‌ನಲ್ಲಿ ಇದೆಯಾ ದಯವಿಟ್ಟು ನೋಡಿ. ಸಿಕ್ಕರೆ ಸಂಪಾದಕರಿಗೆ ಕಳಿಸಿ. ಅವರ ಮಗಳ ನಂಬರ್ ನಮ್ಮ ಹತ್ತಿರ ಇದೆ.